ವೆಂಕಮ್ಮನ ನಲವತ್ತು ಪುಟ

ಶೃಂಗೇರಿ
12 ಡಿಸೆಂಬರ್ 2004, ಭಾನುವಾರ

ಪ್ರೀತಿಯ ಜಲಜ ಚಿಕ್ಕಮ್ಮನಿಗೆ,

ನಿನ್ನ ಅಕ್ಕನ ಮಗಳು ನಿಶ್ಚಿತಾ ಮಾಡುವ ನಮಸ್ಕಾರ. ಕಾಗದದಲ್ಲಿ ಮೊದಲು ಕ್ಷೇಮ ಬರೆಯಬೇಕು, ಆಮೇಲೆ ವಿಷಯ ಎಂದು ಹಾಸ್ಟೆಲಿನಲ್ಲಿ ನನ್ನ ರೂಮಿನವಳಾದ ನಾಹಿದಾ ಹೇಳಿಕೊಟ್ಟಿದ್ದಾಳೆ. ಮೈ ಮಟ್ಟಿಗೆ ನಾನು ಕ್ಷೇಮ. ಉಳಿದದ್ದು ಕೆಳಗಿದೆ.

ಈ ಕಾಗದದ ಜೊತೆ ನಿನ್ನ ಕಾದಂಬರಿಯ ಎರಡನೇ ನೋಟ್‌ಬುಕ್ ಕಳಿಸುತ್ತಿದ್ದೇನೆ. ಬುಧವಾರ ನೀನು ಕೊಪ್ಪಕ್ಕೆ ಹೋಗುವ ಮೊದಲು ದಯವಿಟ್ಟು ಇದನ್ನು ಓದು. ಸುಬ್ರಾಯರ ಪ್ರೆಸ್ಸಿನಲ್ಲಿ ಪ್ರೂಫಿಗೆ ಸಹಿ ಹಾಕಿಬಿಟ್ಟರೆ ಮುಗಿಯಿತು. ವೆಂಕಮ್ಮನ ನಲವತ್ತು ಪುಟ ಇಲ್ಲದೆಯೇ ಪುಸ್ತಕ ಅಚ್ಚಾಗಿಬಿಡುತ್ತದೆ. ಆ ಪುಟಗಳು ಈ ನೋಟ್‌ಬುಕ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅವನ್ನು ತೆಗೆಸಿದವಳು ನಾನು. ವಾಪಸ್ ಹಾಕು ಎಂದು ಕೇಳುವುದಕ್ಕೇ ಈ ಕಾಗದ.

ಫೋನ್ ಮಾಡಬಹುದಿತ್ತು. ಎರಡು ಸಲ ಬೂತಿಗೆ ಹೋದೆ. ಮೊದಲ ಸಲ ನೀನೇ ಎತ್ತಿ, "ಯಾರು? ಮಾತಾಡಿ ಮಾರಾಯ್ರೇ, ಒಲೆ ಮೇಲೆ ಹಾಲು ಉಂಟು ನಂದು" ಎಂದೆ. ನಾನು ಇಟ್ಟುಬಿಟ್ಟೆ. ಎರಡನೇ ಸಲ ನೀನು ಹಲೋ ಎನ್ನುವ ಮೊದಲೇ ಇಟ್ಟೆ. ನಿನ್ನ ಮಾತು ಕೇಳಿದರೆ ನನ್ನ ಮಾತು ನಿಲ್ಲುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಇದನ್ನು ನಾಹಿದಾಗೂ ತೋರಿಸಿಲ್ಲ. ಒತ್ತಕ್ಷರ ತಪ್ಪಿದ್ದರೆ ಟೀಚರಾಗಿ ಓದಬೇಡ, ಚಿಕ್ಕಮ್ಮನಾಗಿ ಓದು.

ದೀಪಾವಳಿಗೆ ಸೀತೂರಿಗೆ ಬಂದಿದ್ದಾಗ ನೀನು ಎರಡು ಲಾಂಗ್ ನೋಟ್‌ಬುಕ್ ತಂದು ನನ್ನ ತೊಡೆಯ ಮೇಲೆ ಇಟ್ಟೆ. "ಒಂದು ಅಭಿಪ್ರಾಯ ಬರ್ಕೊಡು ಕೂಸೇ. ನೀನು ಕಾಲೇಜಲ್ಲಿ ಇಂಗ್ಲಿಷ್ ಸಾಹಿತ್ಯ ತಗೊಂಡವ್ಳು. ನನ್ನ ಮುಖ ನೋಡ್ಬೇಡ, ಪುಸ್ತಕ ನೋಡಿ ಹೇಳು. ಹಿಂದಿನ ರಟ್ಟಿನ ಮೇಲೆ ನಿನ್ನ ಹೆಸರು ಹಾಕಿಸ್ತೇನೆ" ಎಂದೆ. ಹೆಸರಿನ ಕೆಳಗೆ 'ಪ್ರಥಮ ಬಿ.ಎ.' ಎಂದೂ ಬರುತ್ತದೆ ಎಂದೆ. ಅದನ್ನು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ ಬಸ್ಸಿನಲ್ಲಿ ಬರುವಾಗಲೇ ಅಭಿಪ್ರಾಯದ ಮೊದಲ ವಾಕ್ಯ ಮನಸ್ಸಿನಲ್ಲಿ ಬರೆದುಕೊಂಡೆ. ಪುಸ್ತಕವನ್ನು ಇನ್ನೂ ತೆರೆದಿರಲಿಲ್ಲ.

ಮೊದಲನೇ ನೋಟ್‌ಬುಕ್ ಓದಿದೆ, ಅದು ಸುಳ್ಳಲ್ಲ. ನಿನ್ನ 2071ನೇ ಇಸವಿ ನನಗೆ ಹಿಡಿಸಿತು. ಸತ್ತವರ ಮಾತನ್ನೆಲ್ಲ ತುಂಬಿಟ್ಟುಕೊಂಡ ಪೆಟ್ಟಿಗೆಗಳು, ಸತ್ತ ಮೇಲೂ ಹನ್ನೆರಡು ವರ್ಷ ಅವರಿಗೆ ಮತದ ಹಕ್ಕು, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸಾಲಾಗಿ ಇಟ್ಟ ಆ ಪೆಟ್ಟಿಗೆಗಳ ಮುಂದೆ ಕುಳಿತು "ನಿಮ್ಮ ಮತ ಯಾರಿಗೆ" ಎಂದು ಕೇಳುವ ಸರ್ಕಾರಿ ನೌಕರರು. ಬೀಗ ಹಾಕಿದ ರೂಮಿನೊಳಗೆ ಮೃತ ಮತದಾರರ ಅಧಿಕಾರಿಯೇ ಸತ್ತು ಬಿದ್ದಿರುತ್ತಾನೆ. ಒಂದೇ ಒಂದು ಮತದಿಂದ ಸರ್ಕಾರ ಉಳಿದಿರುತ್ತದೆ. ಎಲೆಕ್ಷನ್ ಡ್ಯೂಟಿಗೆ ಅಷ್ಟು ವರ್ಷ ಹೋಗಿ ಬಂದ ನಿನಗೆ ಮಾತ್ರ ಗೊತ್ತಿರುವಂಥ ಸಂಗತಿಗಳು ಅದರಲ್ಲಿವೆ. ಮತಗಟ್ಟೆಯ ಏಜೆಂಟರು ಬೆಳಿಗ್ಗೆ ಜಗಳವಾಡಿ ಮಧ್ಯಾಹ್ನ ಒಂದೇ ಪೊಟ್ಟಣದ ಚಿತ್ರಾನ್ನ ಹಂಚಿಕೊಳ್ಳುವುದು 2071ರಲ್ಲೂ ನಿಂತಿಲ್ಲ ಎಂದು ನೀನು ಬರೆದಿದ್ದೀ. ಅಲ್ಲಿ ನಾನು ಜೋರಾಗಿ ನಕ್ಕೆ. ಸುಬ್ರಾಯರು ಮೊದಲ ಅಧ್ಯಾಯ ಓದಿ, "ಟೀಚರ್ರೇ, ಸತ್ತವ್ರು ವೋಟ್ ಹಾಕೂದು ಈಗ್ಲೂ ಉಂಟಲ್ಲ, ಅದಕ್ಕೆ ಅಷ್ಟು ವರ್ಷ ಯಾಕೆ ಕಾಯ್ಬೇಕು?" ಎಂದಿದ್ದರಂತಲ್ಲ. ಆ ಮಾತನ್ನು ಹಿಂದಿನ ರಟ್ಟಿಗೆ ಹಾಕಿಸು, ನನ್ನದು ಬೇಡ.

ಎರಡನೇ ನೋಟ್‌ಬುಕ್ಕಿಗೆ ಬಂದಾಗ ನಾನು ಸೋತೆ. ನನಗೆ ಕನ್ನಡ ಓದಲು ಬರುವುದಿಲ್ಲ ಎಂದಲ್ಲ. ಅಚ್ಚಿನ ಅಕ್ಷರ ಓದುತ್ತೇನೆ. ಕೈಬರಹವಾದರೆ ಒಂದೊಂದು ಸಾಲಿಗೂ ನಿಂತು ನಿಂತು ಹೋಗಬೇಕು. ನಾಲ್ಕನೇ ಕ್ಲಾಸಿನಿಂದ ಘಾಟಿ ಕೆಳಗಿನ ಹಾಸ್ಟೆಲ್ ಶಾಲೆ, ಎಲ್ಲ ಇಂಗ್ಲಿಷ್. ಫಸ್ಟ್ ಲ್ಯಾಂಗ್ವೇಜ್ ಸಂಸ್ಕೃತ, ಅದರಲ್ಲಿ ಮಾರ್ಕ್ಸ್ ಸಿಗುತ್ತದೆ ಎಂದು. ಸಂಸ್ಕೃತದ ಪೇಪರಿಗೂ ಇಂಗ್ಲಿಷಿನಲ್ಲೇ ಉತ್ತರ ಬರೆದು ನೂರಾ ಇಪ್ಪತ್ತೈದಕ್ಕೆ ನೂರಾ ಇಪ್ಪತ್ತೆರಡು ತೆಗೆದವಳು ನಾನು. ಅಪ್ಪ ಆ ಅಂಕಪಟ್ಟಿಗೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದು ನಿನಗೆ ಗೊತ್ತು. ಅಂಥವಳು ನಿನ್ನ ನೋಟ್‌ಬುಕ್ಕಿನ ಹನ್ನೆರಡನೇ ಪುಟ ತೆರೆದೆ. ಅಲ್ಲಿಂದ ಐವತ್ತೊಂದನೇ ಪುಟದ ತನಕ, ಪ್ಯಾರಾ ಸಹ ಬಿಡದೆ, ಸತ್ತ ಮತದಾರಳಾದ ವೆಂಕಮ್ಮ ಎಂಬ ಒಬ್ಬಳೇ ಹೆಂಗಸಿನ ಮಾತು. ಒಂದು ಪುಟ ನೋಡಿದೆ. ಉಳಿದ ಮೂವತ್ತೊಂಬತ್ತನ್ನು ಹೆಬ್ಬೆರಳಿನಲ್ಲಿ ಒಟ್ಟಿಗೆ ಮಗುಚಿ, ಕೊನೆಯ ಅಧ್ಯಾಯ ಓದಿ, ಕೊಂದವರು ಯಾರು ಎಂದು ತಿಳಿದುಕೊಂಡು ಮುಚ್ಚಿಟ್ಟೆ.

ಆಮೇಲೆ ಅಭಿಪ್ರಾಯ ಬರೆದೆ. ಅದರಲ್ಲಿ 'ಪಾತ್ರದ ಬೆಳವಣಿಗೆ ಸಾಲದು', 'ವೇಗಕ್ಕೆ ಧಕ್ಕೆ' ಎಂಬ ಮಾತುಗಳಿದ್ದವಲ್ಲ, ಅವೆಲ್ಲ ನನ್ನ ಕ್ಲಾಸಿನ ಇಂಗ್ಲಿಷ್ ಗೈಡಿನವು. ಬೇರೆ ಯಾವುದೋ ನಾಟಕಕ್ಕೆ ಬರೆದಿದ್ದ ವಾಕ್ಯಗಳು. ನಿಘಂಟು ಇಟ್ಟುಕೊಂಡು ಕನ್ನಡ ಮಾಡಿದೆ. ಕೊನೆಗೆ, "ವೆಂಕಮ್ಮ ಎಂಬ ಪಾತ್ರದ ಸುದೀರ್ಘ ಹರಟೆಯು ಪತ್ತೇದಾರಿ ಕಥೆಗೆ ಹೊರೆಯಾಗಿದ್ದು, ಕೈಬಿಟ್ಟರೆ ಕೃತಿಗೆ ಲಾಭ" ಎಂದು ಬರೆದೆ. ಆ ವಾಕ್ಯ ಮಾತ್ರ ಗೈಡಿನದ್ದಲ್ಲ. ನನ್ನದೇ.

ಮೊದಲನೇ ನೋಟ್‌ಬುಕ್ಕಿನ ಜೊತೆ ಅಭಿಪ್ರಾಯ ಕಳಿಸಿದೆ. ಎರಡನೆಯದನ್ನು ಇಲ್ಲೇ ಇಟ್ಟುಕೊಂಡೆ. ಇನ್ನೊಮ್ಮೆ ಓದುತ್ತೇನೆ ಎಂದು ನಿನಗೆ ಬರೆದಿದ್ದೆ.

ಚಿಕ್ಕಮ್ಮಾ, ನೀನು ಬೈದು ಬರೆಯುತ್ತೀ ಎಂದುಕೊಂಡಿದ್ದೆ. ಹೋದ ಸೋಮವಾರ ಬಂದ ನಿನ್ನ ಕಾರ್ಡಿನಲ್ಲಿ ನಾಲ್ಕೇ ಸಾಲು. "ನೀನು ಹೇಳಿದ್ದು ಸರಿ ಇರಬಹುದು. ವೆಂಕಮ್ಮನನ್ನು ತೆಗೆದೆ. ಅವಳ ಬದಲಿಗೆ ಒಂದು ಪ್ಯಾರಾ ಬರೆದು, ಆಮೇಲಿನ ಎರಡು ಅಧ್ಯಾಯಗಳನ್ನು ಮೊದಲ ಕರಡಿನಿಂದ ಸುಬ್ರಾಯರಿಗೆ ಕೊಟ್ಟಿದ್ದೇನೆ. ಆ ನೋಟ್‌ಬುಕ್ ರದ್ದಿಗೆ ಹಾಕು, ಬಸ್ಸಿಗೆ ಕೊಟ್ಟು ಕಳಿಸುವ ತೊಂದರೆ ಯಾಕೆ." ಅದರ ಕೆಳಗೆ ಆ ಪ್ಯಾರಾದ ಮೊದಲ ವಾಕ್ಯವನ್ನೂ ಬರೆದಿದ್ದೆ: 'ವೆಂಕಮ್ಮನವರು ಸರಳ ಸ್ವಭಾವದ ಹೆಂಗಸಾಗಿದ್ದರು.' ಸರಿಯಾಯಿತಾ ನೋಡು ಎಂದು ನನ್ನನ್ನು ಕೇಳಿದ್ದೆ. ಇಪ್ಪತ್ತಾರು ವರ್ಷ ಮಕ್ಕಳ ಕಾಪಿ ತಿದ್ದಿದವಳು ನನ್ನನ್ನು ಕೇಳಿದ್ದೆ.

ಆ ವಾಕ್ಯ ಓದಿದಾಗಲೂ ನನಗೆ ಬುದ್ಧಿ ಬರಲಿಲ್ಲ. ಬದಲಿಗೆ ಮಂಗಳವಾರ ಊಟದ ಹಾಲ್‌ನಲ್ಲಿ, ನನ್ನ ಮಾತು ಕೇಳಿ ಒಬ್ಬ ಲೇಖಕಿ ನಲವತ್ತು ಪುಟ ತೆಗೆದರು ಎಂದು ಜಂಬ ಕೊಚ್ಚಿದೆ. ತೆಗೆದದ್ದು ಎಂಥದ್ದು ಎಂದು ಹುಡುಗಿಯರು ಕೇಳಿದರು. ನಾನು ಎದ್ದು ನಿಂತು, ವೇಲನ್ನು ತಲೆಯ ಮೇಲೆ ಸೆರಗಿನಂತೆ ಹಾಕಿಕೊಂಡು, ವೆಂಕಮ್ಮನ ಹಾಗೆ ಮಾತಾಡಿ ತೋರಿಸಿದೆ. "ಯಾವ ಬಸ್ಸಿಗೆ ಬಂದ್ಯೇ? ಸೀಟು ಸಿಕ್ತಾ? ಕಿಟಕಿ ಬದಿ ಸಿಕ್ತಾ?" ಬಸ್ಸುಗಳೆಲ್ಲ ನಿಂತುಹೋಗಿ ಎಷ್ಟೋ ಕಾಲವಾದ ಮೇಲೂ ಪೆಟ್ಟಿಗೆಯೊಳಗಿನ ಈ ಅಜ್ಜಿ ಬಂದ ಬಂದ ಅಧಿಕಾರಿಗೆಲ್ಲ ಸೀಟು ಸಿಕ್ತಾ ಎಂದು ಕೇಳುತ್ತಾಳೆ ಎಂದೆ. ಇಡೀ ಹಾಲ್ ನಕ್ಕಿತು. ಮರುದಿನ ಬೆಳಿಗ್ಗೆ ಬಚ್ಚಲಿನ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಒಬ್ಬಳು "ಸೀಟು ಸಿಕ್ತಾ?" ಎಂದಳು, ಮತ್ತೆ ಎಲ್ಲರೂ ನಕ್ಕರು.

ನಾಹಿದಾ ನಗಲಿಲ್ಲ. ಅವಳದು ಎನ್.ಆರ್. ಪುರ. ಹತ್ತನೇ ಕ್ಲಾಸಿನ ತನಕ ಸರ್ಕಾರಿ ಕನ್ನಡ ಶಾಲೆ. ಅವರ ತಂದೆಯ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹಳೇ ಪೇಪರನ್ನೂ ಬಿಡದೆ ಓದಿ ಬೆಳೆದವಳು. "ಕೊಡು ಮಾರಾಯ್ತಿ ಆ ಪುಸ್ತಕ. ಪೂರ್ತಿ ಓದಿ ಆಮೇಲೆ ನಗುವ" ಎಂದಳು. ಕೊಡದೆ ಇರಲು ನನಗೆ ನೆಪ ಸಿಗಲಿಲ್ಲ.

ಗುರುವಾರ ಮಧ್ಯಾಹ್ನ ಕ್ಲಾಸ್ ಇರಲಿಲ್ಲ. ಅವಳು ಮಂಚದ ಮೇಲೆ ಕಾಲು ಮಡಚಿ ಕುಳಿತು ಗಟ್ಟಿಯಾಗಿ ಓದತೊಡಗಿದಳು. ಅಣಕಿಸಲಿಲ್ಲ, ನಾಟಕವನ್ನೂ ಮಾಡಲಿಲ್ಲ. ನೀನು ಬರೆದ ಹಾಗೇ ಓದಿದಳು. "ಯಾವ ಬಸ್ಸಿಗೆ ಬಂದ್ಯೇ? ಸೀಟು ಸಿಕ್ತಾ? ಕಿಟಕಿ ಬದಿ ಸಿಕ್ಕಿರ್ಲಿಕ್ಕಿಲ್ಲ, ಮುಖ ಬಾಡಿದೆ. ನಮ್ಮ ಕೂಸಿಗೂ ಹಾಗೇ, ಘಾಟಿ ಇಳಿವಾಗ ಹೊಟ್ಟೆ ತೊಳೆಸ್ತದೆ. ಕೈಯಲ್ಲಿ ಒಂದು ಕಂಚಿ ಎಲೆ ಕೊಟ್ಟು ಕಳ್ಸೂದು ನಾನು, ಮೂಸ್ತಾ ಹೋಗ್ಲಿ ಅಂತ. ಎಲೆ ಬಾಡೂದ್ರೊಳಗೆ ಘಾಟಿ ಮುಗೀತದೆ."

ಆಗ ಗೊತ್ತಾಯಿತು ಚಿಕ್ಕಮ್ಮಾ. ಕಂಚಿ ಎಲೆ ಹಿಡಿದುಕೊಂಡು ಹೋಗುತ್ತಿದ್ದ ಕೂಸು ನಾನು. ವೆಂಕಮ್ಮ ನಮ್ಮ ಅಮ್ಮ.

ನೀನು ಹೆಸರು ಬದಲಿಸಿದ್ದೀ, ವಯಸ್ಸು ಏರಿಸಿದ್ದೀ, ಇಸವಿಯನ್ನೇ ಮುಂದೆ ಹಾಕಿದ್ದೀ. ಮಾತನ್ನು ಮಾತ್ರ ಮುಟ್ಟಿಲ್ಲ. ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಅವಳದ್ದೊಂದು ಕ್ಯಾಸೆಟ್ ಇಲ್ಲ. ಇರುವ ಮೂರು ಫೋಟೋಗಳಲ್ಲೂ ಬಾಯಿ ಮುಚ್ಚಿಕೊಂಡಿದ್ದಾಳೆ. ನಾನು ವರ್ಷಕ್ಕೆ ಎರಡು ಸಲ ರಜಕ್ಕೆ ಬರುತ್ತಿದ್ದವಳು, ಅವಳ ಮಾತಿಗಿಂತ ವಾರ್ಡನ್ ಮಾತು ಜಾಸ್ತಿ ಕೇಳಿ ಬೆಳೆದವಳು. ನೀನು ಅವಳ ಜೊತೆ ಒಂದೇ ಮಂಚದಲ್ಲಿ ಮಲಗಿ ದೊಡ್ಡವಳಾದವಳು. ಸತ್ತವರ ಮಾತು ಹಾಕಿಡುವ ಪೆಟ್ಟಿಗೆ ನಿನಗೆ ಎಲ್ಲಿಂದ ಹೊಳೆಯಿತು ಎಂದು ನಾನು ನನ್ನ ಅಭಿಪ್ರಾಯದಲ್ಲಿ ಕೇಳಿದ್ದೆ, ಇಂಗ್ಲಿಷ್ ಪುಸ್ತಕದ ಪ್ರಭಾವ ಇರಬಹುದೇ ಎಂದು. ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ನಾಹಿದಾ ಓದುತ್ತಿದ್ದಂತೆ ಪಕ್ಕದ ರೂಮಿನ ಮೂವರು ಬಂದು ಬಾಗಿಲಲ್ಲಿ ನಿಂತರು, ಆಮೇಲೆ ಒಳಗೆ ಬಂದು ಕುಳಿತರು. ಮೊದಲು ಸೀಟಿನ ಮಾತು ಬಂದಾಗಲೆಲ್ಲ ನಕ್ಕರು. ಕಾಲು ಗಂಟೆ ಆದ ಮೇಲೆ ನಗಲಿಲ್ಲ. ಮುಗಿದಾಗ ಅವರಲ್ಲೊಬ್ಬಳು, "ಈ ಅಮ್ಮ ಯಾರದ್ದೇ?" ಎಂದು ಕೇಳಿದಳು. ಯಾರದ್ದೂ ಅಲ್ಲ, ಕಲ್ಪನೆಯ ಪಾತ್ರ ಎಂದು ನಾನು ಹೇಳಿದೆ.

ಈಗ ನನ್ನ ನಿಜವಾದ ಅಭಿಪ್ರಾಯ ಬರೆಯುತ್ತೇನೆ. ಗೈಡ್ ನೋಡದೆ ಬರೆಯುತ್ತಿರುವುದರಿಂದ ಮಾತು ಒರಟಾಗಿರಬಹುದು.

ಅಧಿಕಾರಿಯನ್ನು ಕೊಲ್ಲಿಸಿದ ನಿನ್ನ ಮಂತ್ರಿ ತೀರಾ ಕೆಟ್ಟವನು. ಅಷ್ಟು ಕೆಟ್ಟವನಾದರೆ ಜನ ಮೊದಲೇ ಗುರುತು ಹಿಡಿಯುತ್ತಿದ್ದರು. ಅವನಿಗೆ ಒಂದಾದರೂ ಒಳ್ಳೆಯ ಗುಣ ಕೊಡು. ಬೀಗದ ವಿವರ ನನಗೆ ಎರಡು ಸಲ ಓದಿದರೂ ಅರ್ಥವಾಗಲಿಲ್ಲ. ಆದರೆ ನಿನ್ನ ಮತಗಟ್ಟೆ ಅಧಿಕಾರಿ ರೇವತಿ ಮೋಸವನ್ನು ಕಂಡುಹಿಡಿಯುವ ರೀತಿ ಇದೆಯಲ್ಲ, ಅಂಥದ್ದನ್ನು ನಾನು ಎಲ್ಲೂ ಓದಿಲ್ಲ. ಯಂತ್ರ ಬಿಚ್ಚುವುದಿಲ್ಲ, ಬೆರಳಚ್ಚು ನೋಡುವುದಿಲ್ಲ. ಪೆಟ್ಟಿಗೆಯ ಮುಂದೆ ಕುಳಿತು ಕೇಳುತ್ತಾಳೆ, ಅಷ್ಟೇ. ಪೆಟ್ಟಿಗೆ ನೇರವಾಗಿ, "ನನ್ನ ಮತ ಆಡಳಿತ ಪಕ್ಷಕ್ಕೆ" ಎನ್ನುತ್ತದೆ. ಯಾವ ಬಸ್ಸು ಎಂದು ಕೇಳುವುದಿಲ್ಲ. ರೇವತಿ ಎದ್ದು ನಿಂತು, "ಇದು ವೆಂಕಮ್ಮ ಅಲ್ಲ, ಯಾರೋ ಇವರ ಮಾತು ಬದಲಿಸಿದ್ದಾರೆ" ಎನ್ನುತ್ತಾಳೆ. ನಾಹಿದಾ ಅಲ್ಲಿಗೆ ಬಂದಾಗ ರೇವತಿಗಿಂತ ಮೊದಲು ನಮ್ಮ ರೂಮಿನವರೆಲ್ಲ ಒಟ್ಟಿಗೆ, "ಇದು ಅವ್ರಲ್ಲ!" ಎಂದು ಕೂಗಿದರು. ನಲವತ್ತು ಪುಟ ಅವಳ ಜೊತೆ ಕುಳಿತವರಿಗೆ ಮಾತ್ರ ಅದು ಗೊತ್ತಾಗುತ್ತದೆ. 'ಸರಳ ಸ್ವಭಾವದ ಹೆಂಗಸಾಗಿದ್ದರು' ಎಂದು ಓದಿದವರಿಗೆ ಹೇಗೆ ಗೊತ್ತಾಗಬೇಕು? ನಾನು ಹರಟೆ ಎಂದದ್ದೇ ನಿನ್ನ ಕಥೆಯ ಸಾಕ್ಷಿ. ಸಾಕ್ಷಿಯನ್ನೇ ನಾಶ ಮಾಡಿಸಿದೆ. ನಿನ್ನ ಮಂತ್ರಿ ಮಾಡಿದ ಕೆಲಸವೂ ಅದೇ ಅಲ್ಲವೇ?

ಆದ್ದರಿಂದ ಕೈ ಮುಗಿದು ಕೇಳುತ್ತೇನೆ, ವೆಂಕಮ್ಮನನ್ನು ಹಾಕು. ಸುಬ್ರಾಯರು ಟೈಪ್ ಮಾಡಿ ಆಗಿದೆ ಎಂದರೆ, ಈ ಪುಟಗಳನ್ನು ನಾನೇ ಕೊಪ್ಪಕ್ಕೆ ಬಂದು ಕಂಪ್ಯೂಟರ್ ಪಕ್ಕದಲ್ಲಿ ಕುಳಿತು ಓದಿ ಹೇಳುತ್ತೇನೆ, ಅವರ ಹುಡುಗಿ ಟೈಪ್ ಮಾಡಲಿ. ನಿಧಾನವಾದರೂ ಓದುತ್ತೇನೆ.

ಒಂದು ಸಣ್ಣ ವಿಷಯ. ಮೂವತ್ತೊಂದು ಮತ್ತು ಮೂವತ್ತೆರಡನೇ ಪುಟದ ಹಾಳೆ ನೋಟ್‌ಬುಕ್ಕಿನಲ್ಲಿ ಇಲ್ಲ. ಹೊಲಿಗೆ ಸಡಿಲವಾಗಿತ್ತು, ನಾನು ತರುವಾಗ ಬಸ್ಸಿನಲ್ಲಿ ಎಲ್ಲೋ ಬಿದ್ದಿರಬೇಕು. ಅದನ್ನು ನೆನಪಿಸಿಕೊಂಡು ಮತ್ತೆ ಬರೆಯುವ ಕಷ್ಟ ತೆಗೆದುಕೊಳ್ಳಬೇಡ. ಮೂವತ್ತರಿಂದ ಮೂವತ್ತಮೂರಕ್ಕೆ ಮಾತು ಸರಿಯಾಗಿಯೇ ಸೇರಿಕೊಳ್ಳುತ್ತದೆ. ಪತ್ತೇದಾರಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ಉಳಿದ ಮೂವತ್ತೆಂಟು ಪುಟ ಬಂದರೆ ಸಾಕು.

ನೋಟ್‌ಬುಕ್ಕನ್ನೂ ಕಾಗದವನ್ನೂ ನಾಳೆ ಮಧ್ಯಾಹ್ನ ಎರಡೂವರೆಯ ಎನ್.ಆರ್. ಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಸೀತೂರಿನಲ್ಲಿ ರೇಣುಕಪ್ಪನವರ ಅಂಗಡಿಗೆ ಇಳಿಸುತ್ತಾರೆ, ಶಾಲೆ ಬಿಟ್ಟು ಬರುವಾಗ ತೆಗೆದುಕೋ.

ನನ್ನ ಮೇಲೆ ಸಿಟ್ಟು ಮಾಡು. ಸುಮ್ಮನೆ ಮಾತ್ರ ಇರಬೇಡ.

ಇಂತಿ,
ತಲೆ ತಗ್ಗಿಸಿ ಬರೆಯುತ್ತಿರುವ
ನಿನ್ನ ನಿಶ್ಚಿತಾ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು (ಸೋಮವಾರ, ಊಟದ ನಂತರ):

ಚಿಕ್ಕಮ್ಮಾ, ಮೇಲೆ ಬರೆದದ್ದರಲ್ಲಿ ಸುಳ್ಳಿದೆ. ಲಕೋಟೆ ಅಂಟಿಸಿದ್ದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ಬಸ್ಸಿಗೆ ಮುಕ್ಕಾಲು ಗಂಟೆ ಇದೆ.

ನಾನು ಒಂದು ಪುಟ ನೋಡಿ ಬಿಟ್ಟವಳಲ್ಲ. ನಲವತ್ತನ್ನೂ ಓದಿದ್ದೆ. ಹಾಸ್ಟೆಲ್ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಬೆರಳಿಟ್ಟು ಬೆರಳಿಟ್ಟು, ನಾಲ್ಕು ದಿನ ಓದಿದೆ. ಮೊದಲ ಸಾಲಿಗೇ ಅಮ್ಮ ಎಂದು ಗೊತ್ತಾಗಿತ್ತು. ಊಟದ ಹಾಲ್‌ನಲ್ಲಿ ಅಣಕಿಸಿದಾಗಲೂ ಗೊತ್ತಿತ್ತು. ಅಷ್ಟು ಚೆನ್ನಾಗಿ ಬಂದದ್ದು ಅದಕ್ಕೇ.

ಹಾಳೆ ಬಸ್ಸಿನಲ್ಲಿ ಬಿದ್ದಿಲ್ಲ. ನಾನು ಹರಿದದ್ದು. ಅದರಲ್ಲಿ ವೆಂಕಮ್ಮ ಹೇಳುತ್ತಾಳೆ, "ಒಂದ್ಸಲ ಕೂಸಿನ ಹಾಸ್ಟೆಲ್ಲಿಗೆ ಹೋಗಿದ್ದೆ. ಗೇಟಲ್ಲಿ ಒಬ್ರು ಅಮ್ಮ ನಿಂತಿದ್ರು. ಯಾವ ಬಸ್ಸಿಗೆ ಬಂದ್ರಿ, ಸೀಟು ಸಿಕ್ತಾ ಅಂತ ಕೇಳಿದೆ. ಅವ್ರು ಕಾರಲ್ಲಿ ಬಂದವ್ರು. ಮಕ್ಳೆಲ್ಲ ನಕ್ರು. ಅದು ಯಾರೇ ಅಂತ ಒಬ್ಳು ಕೇಳಿದ್ಲು. ನಮ್ಮನೆ ಕೆಲ್ಸದವ್ರು ಅಂತು ಕೂಸು. ನಂಗೆ ಕೇಳ್ತು. ಕೇಳದವ್ಳ ಹಾಗೆ ಡಬ್ಬಿ ಕೊಟ್ಟು ಬಂದೆ. ಅದೇನು ಸುಳ್ಳಾ? ಮನೆ ಕೆಲ್ಸ ಎಲ್ಲ ನಾನೇ ಅಲ್ವಾ ಮಾಡೂದು."

ಏಳನೇ ಕ್ಲಾಸು. ಡಬ್ಬಿಯಲ್ಲಿ ಕಡುಬು ಇತ್ತು. ಅಮ್ಮನಿಗೆ ಕೇಳಿಸಿರಲಿಲ್ಲ ಎಂದೇ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ಅವಳು ಮನೆಗೆ ಬಂದು ನಿನಗೆ ಹೇಳಿದ್ದಳು ಎಂದೂ, ಅಷ್ಟೆಲ್ಲ ಗೊತ್ತಿದ್ದೂ ನೀನು ಒಂದು ದಿನವೂ ನನ್ನನ್ನು ಬೇರೆ ಕಣ್ಣಿನಿಂದ ನೋಡಲಿಲ್ಲ ಎಂದೂ ಆ ಕಲ್ಲಿನ ಮೇಲೆ ಕುಳಿತಾಗ ತಿಳಿಯಿತು. ಒಂದು ಹಾಳೆ ಹರಿದರೆ ನೀನು ಯಾಕೆ ಎಂದು ಕೇಳುತ್ತೀ. ನಲವತ್ತು ಪುಟ ತೆಗೆಸಿದರೆ ಅದು ವಿಮರ್ಶೆಯಾಗುತ್ತದೆ. ಹಾಗಾಗಿ ಅಭಿಪ್ರಾಯ ಬರೆದೆ.

ಈ ಮಧ್ಯಾಹ್ನ ಊಟಕ್ಕೆ ಕುಳಿತಾಗ ಹುಡುಗಿಯರೆಲ್ಲರ ಮುಂದೆ ಹೇಳಿದೆ. ಆ ಅಮ್ಮ ನಂದು, ಸುಮಿತ್ರ ಅಂತ ಅವಳ ಹೆಸರು ಎಂದೆ. ಟ್ರಂಕಿನಿಂದ ಹಾಳೆ ತಂದು, ಅಂಟು ಎಲ್ಲಿ ಸಿಗುತ್ತದೆ ಎಂದು ನಾಹಿದಾಳನ್ನು ಕೇಳಿದೆ. ಅವಳು ಹಾಳೆಯನ್ನು ಪೂರ್ತಿ ಓದಿದಳು. ಆಮೇಲೆ ತನ್ನ ತಟ್ಟೆಯ ಅನ್ನವನ್ನು ಒಂದಿಷ್ಟು ಬದಿಗೆ ತೆಗೆದು ನನ್ನ ಕಡೆ ಸರಿಸಿ, "ಬಿಸಿ ಇರುವಾಗ್ಲೇ ಹಚ್ಚು, ಚೆನ್ನಾಗಿ ಹಿಡೀತದೆ" ಎಂದಳು.

ಅಂಟಿಸಿದ್ದೇನೆ. ಇನ್ನೂ ಹಸಿ ಇದೆ, ನಿಧಾನ ಬಿಡಿಸು. ಪೂರ್ತಿ ನಲವತ್ತೂ ಹಾಕಿಸು ಚಿಕ್ಕಮ್ಮಾ.